ಜರೀನಾ ಮತ್ತು ಆ ಒಂದು ಕಪ್ಪು ಗೆರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಜರೀನಾ ಅಂದರೆ ಯಾರು?

ಮರದ ಹಲಗೆ ಕೆತ್ತಿ, ಮಸಿ ಹಚ್ಚಿ, ಕಾಗದದ ಮೇಲೆ ಅಚ್ಚು ಒತ್ತುತ್ತಿದ್ದ ಕಲಾವಿದೆ. ಹುಟ್ಟಿದ್ದು 1937ರ ಜುಲೈ 16ರಂದು, ಅಲಿಗಢದಲ್ಲಿ. ತೀರಿಕೊಂಡಿದ್ದು 2020ರ ಏಪ್ರಿಲ್ 25ರಂದು, ಲಂಡನ್ನಿನಲ್ಲಿ. ನಡುವೆ ಬ್ಯಾಂಕಾಕ್, ದೆಹಲಿ, ಪ್ಯಾರಿಸ್, ಜರ್ಮನಿಯ ಬಾನ್, ಟೋಕಿಯೊ, ಕ್ಯಾಲಿಫೋರ್ನಿಯಾ, ಮತ್ತು ಎಲ್ಲಕ್ಕಿಂತ ಜಾಸ್ತಿ ವರ್ಷ ನ್ಯೂಯಾರ್ಕ್. ತಂದೆ ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಅಧ್ಯಾಪಕರು. ಮಗಳು ಅಲ್ಲೇ ಓದಿ 1958ರಲ್ಲಿ ಗಣಿತದಲ್ಲಿ ಪದವಿ ಪಡೆದರು. ಚಿತ್ರಕಲಾ ಶಾಲೆಯಲ್ಲಿ ಡಿಗ್ರಿ ಮಾಡಿದವರಲ್ಲ. ಮದುವೆಯಾದದ್ದು ಭಾರತದ ವಿದೇಶಾಂಗ ಸೇವೆಯಲ್ಲಿದ್ದ ಅಧಿಕಾರಿಯನ್ನು. ಅವರ ಕೆಲಸ ಎಲ್ಲಿಗೆ ಕರೆದರೆ ಅಲ್ಲಿಗೆ ಇವರೂ ಹೋದರು, ಹೋದ ಕಡೆಯೆಲ್ಲ ಅಚ್ಚಿನ ಕೆಲಸ ಕಲಿತರು. ಮರದಚ್ಚಿನ ಮೊದಲ ಪಾಠ ಬ್ಯಾಂಕಾಕಿನಲ್ಲಿ. 1964ರಿಂದ 1967ರವರೆಗೆ ಪ್ಯಾರಿಸ್ಸಿನಲ್ಲಿ ಸ್ಟ್ಯಾನ್ಲಿ ಹೇಟರ್ ನಡೆಸುತ್ತಿದ್ದ ಅಟೆಲಿಯೆ 17 ಎಂಬ ಕಾರ್ಯಾಗಾರದಲ್ಲಿ. 1974ರಲ್ಲಿ ಟೋಕಿಯೊದಲ್ಲಿ ಮರದಚ್ಚಿನ ಕಲಾವಿದ ತೋಶಿ ಯೊಶಿದಾ ಬಳಿ.

ಪೂರ್ತಿ ಹೆಸರು ಏನು?

ಗಂಡನ ಕಡೆಯ ಹೆಸರು ಹಾಶ್ಮಿ. ಆದರೆ ಕಲಾವಿದೆಯಾಗಿ ಅವರು ಬರೀ ಜರೀನಾ ಅಂತಲೇ ಹೆಸರು ಹಾಕುತ್ತಿದ್ದರು. ಅವರಿಗೆ ಇಷ್ಟವಾದದ್ದು ಅಷ್ಟೇ, ನಾವೂ ಅಷ್ಟೇ ಕರೆಯೋಣ.

ವಸಾಹತುಶಾಹಿಗೂ ಈ ಚಿತ್ರಗಳಿಗೂ ಏನು ಸಂಬಂಧ? ನೋಡಿದರೆ ಬರೀ ಗೆರೆಗಳು ಕಾಣುತ್ತವೆ.

ಆ ಗೆರೆಯೇ ಸಂಬಂಧ. 1947ರ ಜುಲೈ 8ರಂದು ಸಿರಿಲ್ ರ‍್ಯಾಡ್‌ಕ್ಲಿಫ್ ಎಂಬ ಬ್ರಿಟಿಷ್ ವಕೀಲರು ಭಾರತಕ್ಕೆ ಬಂದಿಳಿದರು. ಅದಕ್ಕೆ ಮೊದಲು ಈ ದೇಶವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಕೈಯಲ್ಲಿದ್ದದ್ದು ಸುಮಾರು ಐದು ವಾರ. ಪಂಜಾಬ್ ಮತ್ತು ಬಂಗಾಳವನ್ನು ಎರಡೆರಡು ಭಾಗ ಮಾಡಬೇಕಿತ್ತು. ಗೆರೆ ಎಲ್ಲಿ ಬಿದ್ದಿದೆ ಅನ್ನೋದು ಜನರಿಗೆ ಗೊತ್ತಾದದ್ದು ಆಗಸ್ಟ್ 17ಕ್ಕೆ, ಅಂದರೆ ಸ್ವಾತಂತ್ರ್ಯ ಬಂದು ಎರಡು ದಿನ ಆದ ಮೇಲೆ. ತಾವು ಯಾವ ದೇಶದಲ್ಲಿದ್ದೇವೆ ಅಂತ ಗೊತ್ತಿಲ್ಲದೆ ಜನ ಬಾವುಟ ಹಾರಿಸಿದರು! ಒಂದು ಕೋಟಿಗೂ ಹೆಚ್ಚು ಮಂದಿ ಮನೆ ಬಿಟ್ಟು ಹೊರಟರು. ಲಕ್ಷಾಂತರ ಜನ ದಾರಿಯಲ್ಲೇ ಸತ್ತರು. ಜರೀನಾಗೆ ಆಗ ಹತ್ತು ವರ್ಷ.

ಐವತ್ನಾಲ್ಕು ವರ್ಷ ಬಿಟ್ಟು, 2001ರಲ್ಲಿ, ಅವರು ಆ ಗೆರೆಯನ್ನು ಮರದ ಹಲಗೆಯಲ್ಲಿ ಕೆತ್ತಿದರು. ಆ ಚಿತ್ರದ ಹೆಸರು 'ಡಿವೈಡಿಂಗ್ ಲೈನ್', ಭಾಗ ಮಾಡುವ ಗೆರೆ ಅಂತ. ಕಾಗದದ ಮೇಲೆ ಒಂದೇ ಒಂದು ಕಪ್ಪು ಗೆರೆ ವಂಕಿವಂಕಿಯಾಗಿ ಇಳಿದುಬರುತ್ತದೆ. ಊರಿನ ಹೆಸರಿಲ್ಲ, ಬಣ್ಣವಿಲ್ಲ, ರಕ್ತ ಇಲ್ಲ.

ಇಲ್ಲಿ ಮರದಚ್ಚಿನ ಕೆಲಸ ಹೇಗೆ ನಡೆಯುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಚಿತ್ರ ಬೇರೆಯೇ ಆಗಿ ಕಾಣುತ್ತದೆ. ಹಲಗೆಯಲ್ಲಿ ಯಾವ ಭಾಗ ಉಬ್ಬಿ ನಿಂತಿರುತ್ತದೋ ಅದಕ್ಕೆ ಮಸಿ ಹತ್ತುತ್ತದೆ, ಕೆತ್ತಿ ತೆಗೆದದ್ದು ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ಒಂದು ಕಪ್ಪು ಗೆರೆ ನಿಲ್ಲಬೇಕು ಅಂದರೆ ಗೆರೆಯನ್ನು ಕೆತ್ತುವ ಹಾಗಿಲ್ಲ. ಗೆರೆಯ ಆಚೆ ಈಚೆ ಇರುವ ಎರಡೂ ಕಡೆಯ ನೆಲವನ್ನೆಲ್ಲ ಉಳಿಯಿಂದ ಹೆರೆದು ಹೆರೆದು ತೆಗೆಯಬೇಕು. ಪೂರ್ತಿ ಹೋಗದೆ ಉಳಿದ ಸಣ್ಣಸಣ್ಣ ಚೂರುಗಳು ಅಚ್ಚಿನಲ್ಲಿ ಕಪ್ಪು ಗೀರುಗಳಾಗಿ ಕಾಣುತ್ತವೆ. ನಾನು ಇದನ್ನು ಅರ್ಥ ಮಾಡಿಕೊಂಡ ದಿನ ತುಂಬಾ ಹೊತ್ತು ಆ ಗೀರುಗಳನ್ನೇ ನೋಡುತ್ತಾ ಕೂತಿದ್ದೆ. ಗೆರೆಯೊಂದೇ ಗಟ್ಟಿ, ಜನ ಬಾಳಿದ ಜಾಗವೆಲ್ಲ ಹೆರೆದು ಹೋಗಿದೆ. ದೇಶವಿಭಜನೆಯ ಬಗ್ಗೆ ನಾನು ಎಷ್ಟೋ ಫೋಟೊ ನೋಡಿದ್ದೇನೆ, ಯಾವುದೂ ಇಷ್ಟು ನೇರವಾಗಿ ನನಗೆ ತಟ್ಟಿಲ್ಲ.

ಅಲಿಗಢ ಗಡಿಯಿಂದ ದೂರ ಇದೆಯಲ್ಲ? ಅವರು ನಿರಾಶ್ರಿತರು ಹೇಗೆ ಆಗುತ್ತಾರೆ?

ಒಳ್ಳೆ ಪ್ರಶ್ನೆ. ಅಲಿಗಢ ಉತ್ತರ ಪ್ರದೇಶದಲ್ಲಿದೆ, ಗೆರೆ ಅದರ ಹತ್ತಿರವೂ ಹೋಗಲಿಲ್ಲ. ಮನೆಯವರು ಅಲ್ಲೇ ಉಳಿದರು. ಆದರೆ 1950ರ ದಶಕ ಮುಗಿಯುವ ಹೊತ್ತಿಗೆ, ಮಗಳು ಮದುವೆಯಾಗಿ ಹೊರದೇಶಕ್ಕೆ ಹೋದ ಮೇಲೆ, ತಂದೆತಾಯಿ ಪಾಕಿಸ್ತಾನಕ್ಕೆ ಹೊರಟರು. ಅಂದರೆ ಜರೀನಾ ಮನೆ ಬಿಟ್ಟು ಓಡಲಿಲ್ಲ, ಮನೆಯೇ ಅವರ ಬೆನ್ನ ಹಿಂದೆ ಇಲ್ಲವಾಯಿತು. ಹುಟ್ಟಿದ ದೇಶ ಇದೆ, ಹೋಗಲು ತವರಿಲ್ಲ. ಅಪ್ಪ ಅಮ್ಮನನ್ನು ನೋಡಬೇಕು ಅಂದರೆ ಬೇರೆ ದೇಶದ ವೀಸಾ ಬೇಕು. ಸ್ಥಳಾಂತರ ಅಂದ ತಕ್ಷಣ ನಮಗೆ ರೈಲಿನ ಮೇಲೆ ಕೂತ ಜನರ ಚಿತ್ರ ಕಣ್ಣಿಗೆ ಬರುತ್ತದೆ. ನಿಧಾನವಾಗಿ, ಕಾಗದಪತ್ರದಲ್ಲಿ, ಹತ್ತು ಹನ್ನೆರಡು ವರ್ಷ ಹಿಡಿದು ಮನೆ ಕಳೆದುಕೊಳ್ಳುವವರೂ ಇದ್ದಾರೆ, ಅವರ ಲೆಕ್ಕ ಯಾರೂ ಇಡುವುದಿಲ್ಲ.

ಚಿತ್ರಗಳಲ್ಲಿ ಮನೆಯ ನಕ್ಷೆ ಯಾಕೆ ಮತ್ತೆ ಮತ್ತೆ ಬರುತ್ತದೆ?

ಜರೀನಾ ಮನೆಯನ್ನು ಮುಂದಿನಿಂದ ನೋಡಿ ಬರೆಯುವುದಿಲ್ಲ, ಮೇಲಿನಿಂದ ನೋಡುತ್ತಾರೆ. ಮಾಡು ತೆಗೆದು ಒಳಗೆ ಇಣುಕಿದ ಹಾಗೆ. ಗಣಿತ ಓದಿದ್ದು ಒಂದು ಕಾರಣ ಇರಬಹುದು. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ: ದೆಹಲಿಯಲ್ಲಿದ್ದಾಗ ಅವರು ಗ್ಲೈಡರ್ ಹಾರಿಸುವುದನ್ನು ಕಲಿತಿದ್ದರು. ಎಂಜಿನ್ ಇಲ್ಲದ ವಿಮಾನದಲ್ಲಿ ಕೂತು ಕೆಳಗಿನ ಊರನ್ನು ಗೆರೆಗಳಾಗಿ ನೋಡಿದ ಹೆಣ್ಣುಮಗಳು.

1994ರ ಒಂದು ಚಿತ್ರದಲ್ಲಿ ಅಲಿಗಢದ ಅಪ್ಪನ ಮನೆಯ ನಕ್ಷೆ ಇದೆ. ಹೆಸರೇ 'ಫಾದರ್ಸ್ ಹೌಸ್ 1898–1994'. ಮನುಷ್ಯರ ಹುಟ್ಟು ಸಾವು ಬರೆಯುವ ಹಾಗೆ ಮನೆಗೂ ಇಸವಿ ಹಾಕಿದ್ದಾರೆ. ಯಾವ ಜಾಗ ಏನು ಅಂತ ಉರ್ದುವಿನಲ್ಲಿ ಬರೆದಿದ್ದಾರೆ. 1997ರಲ್ಲಿ ಮಾಡಿದ 'ಹೋಮ್ಸ್ ಐ ಮೇಡ್: ಎ ಲೈಫ್ ಇನ್ ನೈನ್ ಲೈನ್ಸ್' ಎಂಬ ಸರಣಿಯಲ್ಲಿ ತಾವು ಸಂಸಾರ ಹೂಡಿದ ಮನೆಗಳ ನಕ್ಷೆಗಳಿವೆ, ಒಟ್ಟು ಒಂಬತ್ತು ಅಚ್ಚು. ಒಂದು ಮನೆಯಲ್ಲಿ ಎಷ್ಟು ದಿನ ಇದ್ದರು, ಅಲ್ಲಿ ಏನು ಅಡುಗೆ ಮಾಡಿದರು, ಯಾರ ಜೊತೆ ಜಗಳ ಆಡಿದರು, ಒಂದೂ ಹೇಳಿಲ್ಲ. ಗೋಡೆಗಳು, ಬಾಗಿಲ ಜಾಗದಲ್ಲಿ ಒಂದು ಸಂದು, ಅಷ್ಟೇ.

ಈ ನಕ್ಷೆಗಳ ಮುಂದೆ ನನಗೆ ನೆನಪಾಗುವುದು ನಮ್ಮ ಅಜ್ಜಿ. ಅವರು ಹುಟ್ಟಿದ ಮನೆ ಶರಾವತಿ ಹಿನ್ನೀರಿನಲ್ಲಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರೇ ಮುಳುಗಿತು. ಮಧ್ಯಾಹ್ನ ಅಡಿಕೆ ಸುಲಿದು ಮುಗಿದ ಮೇಲೆ ಅಜ್ಜಿ ನೆಲದ ಮೇಲೆ ಬೆರಳಿನಲ್ಲಿ ಗೆರೆ ಎಳೆಯುತ್ತಿದ್ದರು. ಇದು ಜಗುಲಿ. ಇದು ನಡುಮನೆ. ಇಲ್ಲಿ ಹೊಸ್ತಿಲು, ಎತ್ತರ ಜಾಸ್ತಿ, ನಿನ್ನ ದೊಡ್ಡಪ್ಪ ಇಲ್ಲೇ ಎಡವಿ ಬಿದ್ದದ್ದು. ಇದು ಹಿತ್ತಲ ಬಾಗಿಲು, ಇಲ್ಲಿಂದ ಕೊಟ್ಟಿಗೆಗೆ ಹನ್ನೊಂದು ಹೆಜ್ಜೆ. ಬಣ್ಣ ಏನಿತ್ತು ಅಂತ ಕೇಳಿದರೆ ನೆನಪಿರುತ್ತಿರಲಿಲ್ಲ, ಹೆಜ್ಜೆ ಎಷ್ಟು ಅಂತ ಕೇಳಿದರೆ ತಟ್ಟನೆ ಹೇಳುತ್ತಿದ್ದರು. ಮಳೆ ಕೈಕೊಟ್ಟ ವರ್ಷ ನೀರು ಇಳಿದು ಹಳೆಯ ಮಡೆನೂರು ಅಣೆಕಟ್ಟು ಮೇಲೆ ಕಾಣಿಸಿಕೊಂಡಾಗ ಜನ ನೋಡಲು ಹೋಗುತ್ತಾರೆ. ಅಜ್ಜಿ ಒಮ್ಮೆಯೂ ಬರಲಿಲ್ಲ.

ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅಣೆಕಟ್ಟು ಕಟ್ಟಿದ್ದು ನಮ್ಮದೇ ಸರ್ಕಾರ, ಬ್ರಿಟಿಷರಲ್ಲ, ಅಲ್ಲಿ ಕತ್ತಿ ಹಿಡಿದು ಯಾರೂ ಬಂದಿರಲಿಲ್ಲ. ಆದರೆ ಕಳೆದುಹೋದ ಮನೆ ನಕ್ಷೆಯ ರೂಪದಲ್ಲಿ ನೆನಪಿನಲ್ಲಿ ಉಳಿಯುತ್ತದೆ ಅನ್ನೋದನ್ನು ನಾನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಉರ್ದು ಬರದವರಿಗೆ ಈ ಚಿತ್ರಗಳು ಅರ್ಥವಾಗುತ್ತವೆಯೇ?

ಅವರ ಅತಿ ಹೆಸರಾದ ಕೆಲಸ 1999ರ 'ಹೋಮ್ ಈಸ್ ಎ ಫಾರಿನ್ ಪ್ಲೇಸ್'. 36 ಮರದಚ್ಚುಗಳು. ಪ್ರತಿಯೊಂದಕ್ಕೂ ಒಂದು ಉರ್ದು ಪದ: ಮನೆ, ಹೊಸ್ತಿಲು, ಗೋಡೆ, ಅಂಗಳ, ದೂರ, ಗಡಿ, ಭಾಷೆ, ಹೀಗೆ. ಮೊದಲು ಪದಗಳ ಪಟ್ಟಿ ಮಾಡಿ, ಅದನ್ನು ಪಾಕಿಸ್ತಾನಕ್ಕೆ ಕಳಿಸಿ, ಅಲ್ಲಿನ ಲಿಪಿಕಾರರಿಂದ ನಸ್ತಾಲೀಕ್ ಎಂಬ ಉರ್ದುವಿನ ಬಳುಕುವ ಬರಹದಲ್ಲಿ ಬರೆಸಿ ತರಿಸಿಕೊಂಡರು. ಆಮೇಲೆ ಒಂದೊಂದು ಪದಕ್ಕೂ ಒಂದೊಂದು ಗೆರೆಚಿತ್ರ ಹುಡುಕಿದರು. ಮಾತು ಮೊದಲು, ಚಿತ್ರ ಆಮೇಲೆ.

ಇಂಥ ಪದಗಳನ್ನು ಕನ್ನಡದವರು ಪೂರ್ತಿ ಪರಕೀಯ ಅಂದುಕೊಳ್ಳಬೇಕಿಲ್ಲ. ಉರ್ದುವಿನಲ್ಲಿ ಗಡಿಗೆ ಸರ್‌ಹದ್ ಅನ್ನುತ್ತಾರೆ. ನಾವು ಸರಹದ್ದು ಅನ್ನುತ್ತೇವೆ, ಪೊಲೀಸ್ ಠಾಣೆಗೂ ಹೊಲದ ಬದುವಿಗೂ ಅದೇ ಪದ. ಅವರ ಜಮೀನ್ ನಮ್ಮ ಜಮೀನು. ಬಾಗಿಲಿಗೆ ದರವಾಜಿ ಅನ್ನುವ ಮನೆಗಳು ಉತ್ತರ ಕರ್ನಾಟಕದಲ್ಲಿ ಎಷ್ಟಿಲ್ಲ? ಬೀದರ, ಕಲಬುರಗಿ, ವಿಜಯಪುರದಲ್ಲಿ ದಖನಿ, ಅಂದರೆ ದಕ್ಷಿಣದ ಉರ್ದು, ಆಡುವವರ ಪಕ್ಕದಲ್ಲೇ ಕನ್ನಡ ಬೆಳೆದಿದೆ. ಇನ್ನು ಕಾಗದ ಅನ್ನುವ ಪದವೇ ಪಾರಸಿಯ ಕಾಗಜ್‌ನಿಂದ ಬಂದದ್ದು. ನಮ್ಮಲ್ಲಿ ಕಾಗದ ಅಂದರೆ ಪೇಪರ್ ಕೂಡ ಹೌದು, ಪತ್ರ ಕೂಡ ಹೌದು. ಊರಿಂದ ಕಾಗದ ಬಂತು ಅಂತೀವಲ್ಲ, ಆ ಕಾಗದ. ಜರೀನಾ ಕೆಲಸಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ನನಗೆ ಸಿಕ್ಕಿಲ್ಲ.

ಇದರಲ್ಲಿ ಒಂದು ನೋವೂ ಇದೆ. ಉರ್ದು ಅವರ ಮನೆಮಾತು. ವಿಭಜನೆಯ ನಂತರ ಅದನ್ನು ಗೆರೆಯ ಆಚೆಯ ಭಾಷೆ ಅಂತ ನೋಡುವವರು ಜಾಸ್ತಿಯಾದರು. ದೆಹಲಿ, ಅಲಿಗಢದ ಕಡೆ ಹುಟ್ಟಿ ಬೆಳೆದ ಮಾತನ್ನು ಅದು ಹುಟ್ಟಿದ ಕಡೆಯೇ ಹೊರಗಿನದು ಅನ್ನುವುದು ಎಂಥ ಅನ್ಯಾಯ, ಅಲ್ವಾ? ನ್ಯೂಯಾರ್ಕಿನಲ್ಲಿ ಕೂತು, ಓದಲು ಬಾರದ ಜನರ ಮುಂದೆ, ಅವರು ಆ ಲಿಪಿಯನ್ನು ಅಚ್ಚು ಹಾಕುತ್ತಲೇ ಹೋದರು. ಕೆಳಗೆ ಅನುವಾದದ ಸಾಲನ್ನು ಕೊಡಲಿಲ್ಲ. ಅದು ಹಟ ಅಂತ ಕೆಲವರು ಅನ್ನಬಹುದು, ನನಗೆ ಅದು ಪ್ರೀತಿ.

ಅಕ್ಕನ ಪತ್ರಗಳ ಕಥೆ ಏನು?

ಅಕ್ಕನ ಹೆಸರು ರಾಣಿ. ಮದುವೆಯಾಗಿ ಪಾಕಿಸ್ತಾನದಲ್ಲಿದ್ದರು. ತಂಗಿಗೆ ಉರ್ದುವಿನಲ್ಲಿ ಪತ್ರ ಬರೆದರು, ಅಂಚೆಗೆ ಹಾಕಲಿಲ್ಲ. ಅಪ್ಪ ಅಮ್ಮನ ಸಾವು, ಮನೆ ಮಾರಿದ್ದು, ಪಕ್ಕದಲ್ಲಿ ತಂಗಿ ಇಲ್ಲದ ನೋವು, ಇಂಥ ಸುದ್ದಿಗಳು. ದೂರದಲ್ಲಿರುವವಳಿಗೆ ಯಾಕೆ ನೋವು ಕೊಡುವುದು ಅಂತ ಇಟ್ಟುಕೊಂಡಿರಬೇಕು, ಎಲ್ಲರ ಮನೆಯಲ್ಲೂ ಅಕ್ಕಂದಿರು ಹೀಗೇ. ವರ್ಷಗಳ ನಂತರ ಆ ಪತ್ರಗಳು ತಂಗಿಯ ಕೈಗೆ ಬಂದವು.

2004ರಲ್ಲಿ ಜರೀನಾ ಅವುಗಳಿಂದ 'ಲೆಟರ್ಸ್ ಫ್ರಮ್ ಹೋಮ್' ಎಂಬ ಎಂಟು ಅಚ್ಚುಗಳ ಸರಣಿ ಮಾಡಿದರು. ರಾಣಿಯ ಕೈಬರಹವನ್ನು ಹಾಗೆಯೇ ಲೋಹದ ಅಚ್ಚಿಗೆ ಇಳಿಸಿ, ಅದರ ಮೇಲೆ ಮನೆಯ ನಕ್ಷೆ, ಊರಿನ ನಕ್ಷೆಯ ಗೆರೆಗಳನ್ನು ಕಪ್ಪಾಗಿ ಒತ್ತಿದರು. ಕೆಲವು ಕಡೆ ಅಕ್ಷರ ಮುಚ್ಚಿಹೋಗಿದೆ. ಓದಬಹುದು, ಪೂರ್ತಿ ಓದಲು ಬಿಡುವುದಿಲ್ಲ. ಅವರ ಕೆಲಸಗಳಲ್ಲಿ ಒಂದನ್ನು ಮಾತ್ರ ನೋಡಲು ಸಮಯ ಇದೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಅಕ್ಕತಂಗಿಯರ ನಡುವೆ ಎರಡು ದೇಶಗಳು ಅಡ್ಡ ಬಂದಿರುವುದು ಇಲ್ಲಿ ಕಣ್ಣಿಗೇ ಕಾಣುತ್ತದೆ, ಬಾಯಿಬಿಟ್ಟು ಯಾರೂ ಹೇಳುವುದಿಲ್ಲ.

ಚಿತ್ರಗಳು ತುಂಬಾ ಖಾಲಿ ಖಾಲಿ ಅನಿಸುತ್ತವೆ. ನನಗೇ ಅರ್ಥವಾಗುತ್ತಿಲ್ಲವಾ?

ಹಾಗೆ ಅನಿಸುವುದು ಸಹಜ. ಫೋನಿನಲ್ಲಿ ನೋಡಿದರೆ ಇನ್ನೂ ಹಾಗೆ. ಯಾಕೆಂದರೆ ಇವರ ಚಿತ್ರದ ಅರ್ಧ ಇರುವುದು ಕಾಗದದಲ್ಲಿ. ನೇಪಾಳದ ಕೈಕಾಗದ, ಜಪಾನಿನ ಒಕಾವರಾ ಕಾಗದ, ಒಂದೊಂದರ ನಾರು, ದಪ್ಪ, ಬಣ್ಣ ಬೇರೆ. ಕಾಗದ ಚರ್ಮದ ಹಾಗೆ ಅನ್ನುವುದು ಅವರ ನಂಬಿಕೆ, ವಯಸ್ಸಾಗುತ್ತದೆ, ಕಲೆ ಹಿಡಿಯುತ್ತದೆ, ಗಾಯವಾಗುತ್ತದೆ. 1970ರ ದಶಕದಲ್ಲಿ ಅವರು ಮಸಿಯನ್ನೇ ಬಿಟ್ಟು, ಸೂಜಿಯಿಂದ ಕಾಗದ ಚುಚ್ಚಿ ಚುಚ್ಚಿ ಚಿತ್ರ ಮಾಡಿದರು. ಬಿಳಿ ಹಾಳೆ, ಸಾಲು ಸಾಲು ತೂತು. ಮುಂದೆ ಕಾಗದದ ತಿರುಳನ್ನೇ ಅಚ್ಚಿಗೆ ಸುರಿದು ಶಿಲ್ಪಗಳನ್ನೂ ಮಾಡಿದರು.

ಇವರನ್ನು ಮಿನಿಮಲಿಸ್ಟ್, ಅಂದರೆ ಆದಷ್ಟು ಕಡಿಮೆ ಗೆರೆ ಆಕಾರದಲ್ಲಿ ಕೆಲಸ ಮಾಡುವವರು, ಅಂತ ಕರೆದು ನ್ಯೂಯಾರ್ಕಿನ ಗಂಡಸು ಕಲಾವಿದರ ಸಾಲಿಗೆ ಸೇರಿಸುವುದು ಇದೆ. ನನಗೆ ಅದು ಸರಿ ಅನಿಸುವುದಿಲ್ಲ. ಅಲ್ಲಿನ ಎಷ್ಟೋ ಜನ ಕಥೆ ಬೇಡ ಅಂತ ಕಥೆ ತೆಗೆದರು. ಇವರು ಕಥೆ ಜಾಸ್ತಿ ಇದ್ದದ್ದಕ್ಕೆ ಮಾತು ಕಡಿಮೆ ಮಾಡಿದರು.

ಇದೆಲ್ಲ ಅವರ ಸ್ವಂತ ದುಃಖ ಮಾತ್ರವೇ?

ಅಲ್ಲ. 2003ರಲ್ಲಿ ಅವರು ಒಂಬತ್ತು ಊರುಗಳ ಸರಣಿ ಮಾಡಿದರು. ಗ್ರೋಜ್ನಿ, ಸರಾಯೆವೊ, ಸ್ರೆಬ್ರೆನಿತ್ಸಾ, ಬೈರೂತ್, ಜೆನಿನ್, ಬಾಗ್ದಾದ್, ಕಾಬುಲ್, ಅಹಮದಾಬಾದ್, ನ್ಯೂಯಾರ್ಕ್. ಯುದ್ಧ, ಬಾಂಬು, ಗಲಭೆಗೆ ಸಿಕ್ಕಿ ಒಡೆದ ಊರುಗಳು. ನ್ಯೂಯಾರ್ಕಿಗೆ ಕಪ್ಪು ಹಿನ್ನೆಲೆಯಲ್ಲಿ ಎರಡು ನೆಟ್ಟನೆಯ ಗೆರೆ, ಬಿದ್ದುಹೋದ ಅವಳಿ ಕಟ್ಟಡಗಳು. ಅದೇ ಸಾಲಿನಲ್ಲಿ 2002ರ ಅಹಮದಾಬಾದ್ ಇದೆ. ತಮಗೆ ಆಸರೆ ಕೊಟ್ಟ ಊರು, ತಾವು ಹುಟ್ಟಿದ ದೇಶದ ಊರು, ಯಾವತ್ತೂ ನೋಡದ ಊರು, ಎಲ್ಲವನ್ನೂ ಒಂದೇ ಅಳತೆಯ ಕಾಗದದಲ್ಲಿ ಇಟ್ಟರು. 2015ರಲ್ಲಿ ಸಮುದ್ರದ ಮೇಲೆ ದೋಣಿಯಲ್ಲಿ ತೇಲುತ್ತಿದ್ದ ರೋಹಿಂಗ್ಯಾ ಜನರ ಬಗ್ಗೆಯೂ ಒಂದು ಕೆಲಸ ಮಾಡಿದರು. ಆಗ ಅವರಿಗೆ 78 ವರ್ಷ.

ಅವರನ್ನು ಭಾರತೀಯ ಕಲಾವಿದೆ ಅನ್ನಬೇಕಾ, ಅಮೆರಿಕದ ಕಲಾವಿದೆ ಅನ್ನಬೇಕಾ?

2011ರಲ್ಲಿ ಇಟಲಿಯ ವೆನಿಸ್ ಬಿಯೆನಾಲೆ ಎಂಬ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಭಾರತ ಮೊದಲ ಬಾರಿ ತನ್ನದೇ ಅಧಿಕೃತ ಮಂಟಪ ಹಾಕಿದಾಗ, ಅದರ ಹೊಣೆ ಹೊತ್ತ ರಂಜಿತ್ ಹೊಸ್ಕೋಟೆ ಆರಿಸಿದ ಕಲಾವಿದರಲ್ಲಿ ಜರೀನಾ ಒಬ್ಬರು. ಅಷ್ಟು ಹೊತ್ತಿಗೆ ಅವರು ನ್ಯೂಯಾರ್ಕಿನಲ್ಲಿ ನೆಲೆಸಿ ಮೂವತ್ತೈದು ವರ್ಷ ಆಗಿತ್ತು. ಅಮೆರಿಕದಲ್ಲಿ ಅವರು ಸುಮ್ನೆ ಒಂದು ಮೂಲೆಯಲ್ಲಿ ಕೂತಿರಲಿಲ್ಲ. ಹೆಣ್ಣುಮಕ್ಕಳ ಕಲಾ ಚಳವಳಿಯ ಜೊತೆ ಸೇರಿದರು, ಅದರ ಒಳಗೇ ಬಿಳಿಯರಲ್ಲದ ಹೆಂಗಸರಿಗೆ ಜಾಗ ಇಲ್ಲ ಅನ್ನೋದನ್ನೂ ಎತ್ತಿದರು. 1980ರಲ್ಲಿ ಕ್ಯೂಬಾ ಮೂಲದ ಅನಾ ಮೆಂಡಿಯೆಟಾ, ಜಪಾನಿನ ಕಜುಕೊ ಮಿಯಾಮೊಟೊ ಜೊತೆ ಸೇರಿ ನ್ಯೂಯಾರ್ಕಿನಲ್ಲಿ ಕಲಾವಿದೆಯರೇ ನಡೆಸುತ್ತಿದ್ದ ಎ.ಐ.ಆರ್. ಗ್ಯಾಲರಿಯಲ್ಲಿ ಮೂರನೇ ಜಗತ್ತಿನ ಕಲಾವಿದೆಯರ ಪ್ರದರ್ಶನ ನಡೆಸಿದರು.

ನಿಮ್ಮ ಪ್ರಶ್ನೆಗೆ ಉತ್ತರ ಬೇಕೇ ಬೇಕು ಅಂದರೆ, 1991ರ ಒಂದು ಪುಟ್ಟ ಶಿಲ್ಪ ನೋಡಿ. ಕಂಚಿನ ಮನೆ. ಕೆಳಗೆ ಗಾಲಿ.

ಕೊನೆಕೊನೆಗೆ ಚಿನ್ನದ ಹಾಳೆ ಯಾಕೆ ಬಳಸಿದರು?

ಬೆಳಕಿಗಾಗಿ. 2010ರ 'ಬ್ಲೈಂಡಿಂಗ್ ಲೈಟ್' ಅನ್ನೋದರಲ್ಲಿ ಒಕಾವರಾ ಕಾಗದಕ್ಕೆ ಪೂರ್ತಿ 22 ಕ್ಯಾರೆಟ್ ಚಿನ್ನದ ರೇಕು ಅಂಟಿಸಿದ್ದಾರೆ. ಸೂಫಿ ಚಿಂತನೆಯ ಜಾಡು ಅದರಲ್ಲಿದೆ. ಚೆನ್ನಾಗಿದೆ, ಆದರೆ ನನ್ನ ಮನಸ್ಸು ಕಪ್ಪು ಮಸಿಯ ಕೆಲಸಗಳ ಕಡೆಗೇ ವಾಲುತ್ತದೆ.

ಎಲ್ಲಿ ನೋಡಬಹುದು?

ನ್ಯೂಯಾರ್ಕಿನ ಮೋಮಾ, ಮೆಟ್ರೊಪಾಲಿಟನ್, ಗುಗೆನ್‌ಹೈಮ್, ಲಂಡನ್ನಿನ ಟೇಟ್ ಮ್ಯೂಸಿಯಂಗಳ ಸಂಗ್ರಹಗಳಲ್ಲಿ ಇವೆ. 2012ರಲ್ಲಿ ಲಾಸ್ ಏಂಜಲೀಸ್‌ನ ಹ್ಯಾಮರ್ ಮ್ಯೂಸಿಯಂ ಅವರ ಜೀವಮಾನದ ಕೆಲಸವನ್ನೆಲ್ಲ ಒಟ್ಟಿಗೆ ತೋರಿಸಿತು, ಮರುವರ್ಷ ಅದು ಗುಗೆನ್‌ಹೈಮ್‌ಗೂ ಶಿಕಾಗೋಗೂ ಹೋಯಿತು. ಅಷ್ಟು ಹೊತ್ತಿಗೆ ಅವರಿಗೆ ಎಪ್ಪತ್ತೈದು ದಾಟಿತ್ತು, ಇಷ್ಟು ತಡ ಮಾಡಬಾರದಿತ್ತು. ನಮ್ಮಲ್ಲಿ ದೆಹಲಿಯ ಕಿರಣ್ ನಾಡಾರ್ ಮ್ಯೂಸಿಯಂ 2020ರಲ್ಲಿ ದೊಡ್ಡ ಪ್ರದರ್ಶನ ನಡೆಸಿತು, ಅವರು ತೀರಿಕೊಂಡ ವರ್ಷವೇ. ಅಚ್ಚಿನ ಚಿತ್ರ ಒಂದಕ್ಕಿಂತ ಹೆಚ್ಚು ಪ್ರತಿ ಇರುತ್ತದೆ, ಹಾಗಾಗಿ ಒಂದೇ ಕೆಲಸ ಎರಡು ಮೂರು ಊರುಗಳಲ್ಲಿ ಸಿಗಬಹುದು. ಹೋಗುವ ಮೊದಲು ಆ ದಿನ ಗೋಡೆಯ ಮೇಲೆ ಇದೆಯಾ ಅಂತ ಕೇಳಿಕೊಂಡು ಹೋಗಿ. ಕಾಗದವನ್ನು ಬೆಳಕಿನಲ್ಲಿ ಬಹಳ ದಿನ ಇಡುವುದಿಲ್ಲ.

ಮಕ್ಕಳಿಗೆ ಇದನ್ನು ಹೇಗೆ ತೋರಿಸುವುದು?

ಇತಿಹಾಸದಿಂದ ಶುರು ಮಾಡಬೇಡಿ. ಒಂದು ಹಾಳೆ ಕೊಟ್ಟು, ಈಗ ಇರುವ ಮನೆಯನ್ನಲ್ಲ, ಮೊದಲು ಇದ್ದ ಮನೆಯನ್ನು ಮೇಲಿನಿಂದ ಕಂಡ ಹಾಗೆ ಬರೆಯಲು ಹೇಳಿ. ಬಾಡಿಗೆ ಮನೆಗಳಲ್ಲಿ ಬೆಳೆದ ಮಕ್ಕಳು ಬೇಗ ಬರೆಯುತ್ತಾರೆ. ನನ್ನ ತಂಗಿಯ ಮಗಳಿಗೆ ಒಂಬತ್ತು ವರ್ಷ, ಬೆಂಗಳೂರಿನಲ್ಲಿ ಮೂರು ಮನೆ ಬದಲಾಯಿಸಿದ್ದಾಳೆ. ಎರಡನೇ ಮನೆ ಬರೆದಳು. ಬಾಲ್ಕನಿ ಹಾಲ್‌ಗಿಂತ ದೊಡ್ಡದಿತ್ತು, ಅಲ್ಲಿ ಪಾರಿವಾಳ ಗೂಡು ಕಟ್ಟಿತ್ತಂತೆ. ಆಮೇಲೆ 'ಹೋಮ್ ಈಸ್ ಎ ಫಾರಿನ್ ಪ್ಲೇಸ್'ನ ಮೊದಲ ಅಚ್ಚನ್ನು ತೋರಿಸಿದೆ, ಅದೂ ಮನೆಯ ನಕ್ಷೆಯೇ. ಬಾಗಿಲು ಯಾವುದು ಅಂತ ಬೆರಳಿಟ್ಟು ಹುಡುಕಿದಳು. ಸಿಕ್ಕಿತು. ಈಗ ಈ ಮನೆಯಲ್ಲಿ ಯಾರಿದ್ದಾರೆ ಅಂತ ಕೇಳಿದಳು.